ಹುಲ್ಲು ಹಿಡಿಯುವ ತನಕ

ಸೆಪ್ಟೆಂಬರ್ 7, ಭಾನುವಾರ

ಮೂರೂ ಸತ್ತವು. ಓನರ್, ಸ್ಟೆಪ್ನಿ, ಕ್ಲೀನರ್.

ಹೆಸರಿಟ್ಟಿದ್ದು ಚಿಕ್ಕಪ್ಪ. ಅವರು ಚಿತ್ರದುರ್ಗ–ಹೊಸದುರ್ಗ ಪ್ರೈವೇಟ್ ಬಸ್ಸಿನ ಡ್ರೈವರ್, ಹಾಗಾಗಿ ಮೀನುಗಳಿಗೂ ಬಸ್ಸಿನ ಹೆಸರೇ. ದಪ್ಪಗೆ ಕೇಸರಿ ಬಣ್ಣದ್ದು ಓನರ್. ಯಾವಾಗಲೂ ಹಿಂದೆಯೇ ಉಳಿಯುವ ಕಪ್ಪು ಮೀನು ಸ್ಟೆಪ್ನಿ. ಗಾಜು ನೆಕ್ಕುತ್ತ ತಿರುಗುವುದು ಕ್ಲೀನರ್.

ಕೊಂದಿದ್ದು ನಾನು. ಬೇಕಂತ ಅಲ್ಲ, ಆದರೂ ನಾನೇ.

ಹಾಸ್ಟೆಲ್‌ನಲ್ಲಿ ಭಾನುವಾರ ಎಂದರೆ ಕ್ಲೀನಿಂಗ್. ಆರನೇ ಕ್ಲಾಸಿನಿಂದ ಸೆಕೆಂಡ್ ಪಿಯುಸಿವರೆಗೆ ನಮ್ಮ ಬ್ಯಾಚಿನ ಡ್ಯೂಟಿ ನೀರಿನ ತೊಟ್ಟಿ ಉಜ್ಜಿ ಬ್ಲೀಚಿಂಗ್ ಪೌಡರ್ ಹಾಕುವುದು. ಬಿಎಸ್ಸಿಗೆ ಸೇರಿ ಚಿಕ್ಕಪ್ಪನ ಮನೆಗೆ ಬಂದು ತಿಂಗಳಾಗುತ್ತ ಬಂತು, ಇಲ್ಲಿ ಯಾರೂ ನನಗೆ ಡ್ಯೂಟಿ ಹಾಕಿಲ್ಲ. ಡ್ಯೂಟಿಯಿಲ್ಲದೆ ಊಟಕ್ಕೆ ಕೂತರೆ ಗಂಟಲಲ್ಲಿ ಇಳಿಯುವುದಿಲ್ಲ. ಇವತ್ತು ಎಲ್ಲರೂ ಏಳುವ ಮುಂಚೆ ಮೀನುಗಳನ್ನು ಬಕೆಟ್ಟಿಗೆ ಬಿಟ್ಟು, ನಡುಮನೆಯ ಟ್ಯಾಂಕು ಖಾಲಿ ಮಾಡಿ, ಕಲ್ಲು ಗಾಜು ಎಲ್ಲ ಬ್ಲೀಚಿಂಗ್ ಹಾಕಿ ಉಜ್ಜಿ, ಹೊಸ ನೀರು ತುಂಬಿದೆ. ಗಾಜು ಪಳಪಳ. ಚಿಕ್ಕಮ್ಮ ಎದ್ದು ಬಂದು “ಅಯ್ಯೋ, ಹೊಸದ್ರಂಗೆ ಮಾಡೀಯಲ್ಲಪ್ಪ!” ಎಂದರು. ಈ ಮನೆಯಲ್ಲಿ ಮೊದಲ ಸಲ ಎರಡನೇ ದೋಸೆ ಹಾಕಿಸಿಕೊಂಡೆ.

ಮಧ್ಯಾಹ್ನಕ್ಕೆ ಓನರ್ ಮಗ್ಗುಲಾಯಿತು.

ಚಿಕ್ಕಪ್ಪ ಸಂಜೆ ಬಂದಾಗ ಬಾಗಿಲಲ್ಲೇ ನಿಂತು “ಸಾರಿ ಚಿಕ್ಕಪ್ಪ, ಸಾರಿ, ಐ ಡಿಂಟ್ ನೋ” ಎಂದೆ. ಅವರು ಟ್ಯಾಂಕಿನ ಹತ್ತಿರ ಹೋಗಿ ನೋಡಿದರು. ಮಗ್ಗಿನಲ್ಲಿ ಮೂರನ್ನೂ ಎತ್ತಿ, ಹಿತ್ತಿಲ ಕರಿಬೇವಿನ ಬುಡದಲ್ಲಿ ಗುಂಡಿ ತೋಡಿ ಮುಚ್ಚಿದರು. ಕೈ ತೊಳೆದುಕೊಂಡು ಟೀ ಕೇಳಿದರು. ಅಷ್ಟೇ.

ಇವತ್ತು ಚಂದ್ರಗ್ರಹಣ. “ಗ್ರಾಣ ಹಿಡಿಯೋ ದಿನ ನೀರಾಗಿನ ಜೀವ ತಡಕಳಲ್ಲ, ನಿಂದೇನಿಲ್ಲ ಬಿಡು ಮಗಾ” ಎಂದರು ಅಜ್ಜಿ. “ಗ್ರಹಣ ಅಲ್ಲ ಅಜ್ಜಿ, ಬ್ಲೀಚಿಂಗ್” ಎಂದೆ. ಯಾಕೆ ಹಾಗೆಂದೆನೋ. ಒಪ್ಪಿಕೊಂಡು ಸುಮ್ಮನಿರಬಹುದಿತ್ತು.

ಅಜ್ಜಿ ಕುಡಿಯುವ ನೀರಿನ ಕೊಡಕ್ಕೆ, ಮೊಸರಿಗೆ, ಹಿಟ್ಟಿನ ಡಬ್ಬಿಗೆ ಗರಿಕೆ ಹಾಕುತ್ತ ಬಂದು, ಅದೇ ಕೈಯಲ್ಲಿ ಮೀನಿಲ್ಲದ ಟ್ಯಾಂಕಿನ ನೀರಿಗೂ ಒಂದೆಳೆ ಹಾಕಿ ಹೋದರು.

ಸೆಪ್ಟೆಂಬರ್ 8, ಸೋಮವಾರ

ಬೈಯಲಿಲ್ಲ.

ಸೆಪ್ಟೆಂಬರ್ 10, ಬುಧವಾರ

ಇನ್ನೂ ಬೈದಿಲ್ಲ.

ಹಾಸ್ಟೆಲ್‌ನಲ್ಲಿ ಒಂದು ಬಲ್ಬು ಒಡೆದರೂ ವಾರ್ಡನ್ ಸರ್ ಇಡೀ ಬ್ಲಾಕ್ ಕೇಳುವಂತೆ ಕೂಗುವರು. ಗ್ರೌಂಡ್ ಸುತ್ತು ಓಡಿಸುವರು. ಸಂಜೆಗೆ ಎಲ್ಲ ಕ್ಲಿಯರ್, ಊಟಕ್ಕೆ ಕರೆದು ಅವರೇ ಪಲ್ಯ ಹಾಕುವರು. ಇಲ್ಲಿ ಶಿಕ್ಷೆ ಶುರುವೇ ಆಗಿಲ್ಲ. ಶುರುವಾಗದ್ದು ಮುಗಿಯುವುದು ಹೇಗೆ?

ಚಿಕ್ಕಪ್ಪ ಡ್ಯೂಟಿಯಿಂದ ಬಂದವರೇ ಟೀ ಲೋಟ ಹಿಡಿದು ಟ್ಯಾಂಕಿನ ಮುಂದಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರುತ್ತಾರೆ. ಮೀನಿದ್ದಾಗಲೂ ಹಾಗೇ. “ಬೆಳಗಿಂದ ರಸ್ತೆ ನೋಡಿ ನೋಡಿ ಕಣ್ಣು ಒಣಗಿರ್ತಾವೆ ಕಣಪ್ಪ, ಇವನ್ನ ನೋಡಿದ್ರೆ ಹಸಿ ಆಗ್ತಾವೆ” ಎಂದು ನಾನು ಬಂದ ಹೊಸತರಲ್ಲಿ ಹೇಳಿದ್ದರು. ಈಗ ಬರೀ ನೀರು ನೋಡುತ್ತ ಕೂರುತ್ತಾರೆ. ಇವತ್ತು ಬಗ್ಗಿ, ಅಜ್ಜಿ ಹಾಕಿದ ಗರಿಕೆಯನ್ನು ಬೆರಳಲ್ಲಿ ಮೆಲ್ಲಗೆ ತಳ್ಳಿದರು. ಅದು ತೇಲುತ್ತ ಆ ಕಡೆ ಹೋಯಿತು. ಹೋಗುವುದನ್ನೇ ನೋಡಿದರು.

ನಾನು ಊಟ ಮುಗಿಸಿ ತಟ್ಟೆ ತೊಳೆದು ಬೋರಲು ಹಾಕಿದೆ. ದಿನಾ ಹಾಗೇ ಮಾಡುವುದು. ಚಿಕ್ಕಮ್ಮ ಮುಖ ಸಣ್ಣಗೆ ಮಾಡಿ “ಇದೇನು ಛತ್ರನಾ ಬೀರೇಶಪ್ಪ?” ಎಂದರು. ಸರಿಯಾಗಿ ತೊಳೆದಿಲ್ಲವೇನೋ ಎಂದು ಇನ್ನೊಂದು ಸಲ ತೊಳೆದೆ. ಎಸ್ಸೆಸ್ಸೆಲ್ಸಿ ಓದುವ ಅವರ ಮಗಳು ಚೈತ್ರಾ ನಕ್ಕಳು. “ಅಣ್ಣ ಫ್ರಿಜ್ ತೆಗೆಯೋಕೂ ಮೇ ಐ ಕಮ್ ಇನ್ ಅಂತಾನಮ್ಮ.”

ಕ್ಲಾಸಿನಲ್ಲಿ ಗೆಳೆಯ ದುರುಗೇಶ್ ಸಿಕ್ಕಿದ. ಅವನಿಗೆ ಕಾಲೇಜು ಹಾಸ್ಟೆಲ್ ಸೀಟು ಮೊದಲ ಲಿಸ್ಟಿನಲ್ಲೇ ಆಯಿತು. ನನ್ನ ಹೆಸರು ವೇಟಿಂಗ್. ಸೆಕೆಂಡ್ ಲಿಸ್ಟ್ ಬಂದೇ ಬರುತ್ತದಂತೆ. ಬಂದ ದಿನವೇ ಟ್ರಂಕ್ ಎತ್ತುತ್ತೇನೆ. ಆದರೆ ಹೀಗೇ ಹೋದರೆ ಈ ಮನೆಯಲ್ಲಿ ನಾನು ಯಾವತ್ತಿಗೂ ಮೀನು ಕೊಂದು ಹೋದವನು. ಲಿಸ್ಟ್ ಬರುವಷ್ಟರಲ್ಲಿ ಆ ಟ್ಯಾಂಕನ್ನು ಚಿಕ್ಕಪ್ಪ ಮತ್ತೆ ನೋಡುವ ಹಾಗೆ ಮಾಡಿ ಕೊಡಬೇಕು. ಅಂಥವೇ ಮೂರು ಮೀನು ತರಬಹುದು. ಆದರೆ ಅವು ಓನರ್, ಸ್ಟೆಪ್ನಿ, ಕ್ಲೀನರ್ ಆಗುವುದಿಲ್ಲ. ಸತ್ತವುಗಳ ಜಾಗದಲ್ಲಿ ಬೇರೆಯವು ಓಡಾಡಿದರೆ ನನಗೇ ನೋಡಲಾಗುವುದಿಲ್ಲ.

ಸೆಪ್ಟೆಂಬರ್ 14, ಭಾನುವಾರ

ಸಿಕ್ಕಿತು. ಆ ಗರಿಕೆಯಿಂದಲೇ ಹೊಳೆದಿದ್ದು.

ನೀರೊಳಗೆ ಹುಲ್ಲು ಬೆಳೆಸುತ್ತಾರೆ. ಟ್ಯಾಂಕಿನ ತಳದ ತುಂಬ, ಕಾರ್ಪೆಟ್ ಹಾಸಿದ ಹಾಗೆ. ಹೇರ್‌ಗ್ರಾಸ್ ಎಂದು ಹೆಸರು, ಎಳೆ ಕೂದಲಷ್ಟೇ ಸಪೂರ. ನೀರಲ್ಲಿ ಅದು ಗಾಳಿಗೆ ಆಡಿದ ಹಾಗೆ ಆಡುತ್ತದೆ. ಇಂಗ್ಲಿಷ್ ವಿಡಿಯೋಗಳನ್ನು ನೋಡಿ ನೋಡಿ ತಲೆ ಸುತ್ತುತ್ತಿದೆ. ಎಲ್ಲರೂ ಹೇಳುವುದು ಒಂದೇ: ನೇರವಾಗಿ ನೀರಲ್ಲಿ ನೆಟ್ಟರೆ ಕಿತ್ತುಕೊಂಡು ತೇಲುತ್ತದೆ. ಅದಕ್ಕೆ ಮೊದಲು ನೀರೇ ಇಲ್ಲದೆ, ಬರೀ ಒದ್ದೆ ಮಣ್ಣಿನಲ್ಲಿ ನೆಟ್ಟು, ಮೇಲೆ ಪ್ಲಾಸ್ಟಿಕ್ ಹಾಳೆ ಬಿಗಿದು, ಲೈಟು ಹಾಕಿ ಒಂದೂವರೆ ತಿಂಗಳು ಬಿಡಬೇಕು. ಬೇರು ಹಿಡಿದ ಮೇಲೆ ನೀರು. ಇದಕ್ಕೆ ಡ್ರೈ ಸ್ಟಾರ್ಟ್ ಎನ್ನುತ್ತಾರಂತೆ.

ಪರ್ಮಿಷನ್ ಕೇಳುವ ವಾಕ್ಯವನ್ನು ಬಾತ್‌ರೂಮಿನಲ್ಲಿ ಪ್ರ್ಯಾಕ್ಟೀಸ್ ಮಾಡಿಕೊಂಡು ಹೋದೆ.

“ಚಿಕ್ಕಪ್ಪ, ನಿಮ್ಮ ಟ್ಯಾಂಕಿನಲ್ಲಿ ಹುಲ್ಲು ಬೆಳೆಸಬಹುದಾ?”

“ಹುಲ್ಲಾ?” ಲೋಟ ಕೆಳಗಿಟ್ಟರು. “ಕುರಿ ಕಟ್ತೀಯೇನು ಅದ್ರಾಗೆ?”

ಚೈತ್ರಾ ಬಿದ್ದು ಬಿದ್ದು ನಕ್ಕಳು. ನಾನು ಡ್ರೈ ಸ್ಟಾರ್ಟ್ ಎಂದೆಲ್ಲ ವಿವರಿಸಿದೆ. ಚಿಕ್ಕಪ್ಪ ಕೇಳಿಸಿಕೊಂಡು “ಏನಾರ ಮಾಡ್ಕ” ಎಂದರು.

ಏನಾರ ಮಾಡ್ಕ. ಅದು ಒಪ್ಪಿಗೆಯೋ, ಸಿಟ್ಟೋ? ನಿನ್ನ ಹತ್ತಿರ ಮಾತೇ ಬೇಡ ಎಂದೋ? ಇಷ್ಟು ಹೊತ್ತಾದರೂ ಗೊತ್ತಾಗುತ್ತಿಲ್ಲ.

ಸೆಪ್ಟೆಂಬರ್ 24, ಬುಧವಾರ

ಹಿಂದಿನ ವಾರ ಜಗಲಿಯ ಮೇಲೆ ಒಂದು ಸಿಮೆಂಟ್ ಚೀಲ ಬಂದು ಕೂತಿತ್ತು. ಒಳಗೆ ಕಪ್ಪು ಮಣ್ಣು. ಚಿಕ್ಕಮ್ಮನ ಗುಲಾಬಿ ಕುಂಡಕ್ಕೆ ಎಂದುಕೊಂಡು ಅದನ್ನು ದಾಟಿ ಓಡಾಡುತ್ತಿದ್ದೆ. ಇವತ್ತು ಚಿಕ್ಕಮ್ಮ ಪೊರಕೆ ಹಿಡಿದು ನಿಂತರು.

“ಇನ್ನ ಎಷ್ಟು ದಿನ ಇದನ್ನ ಇಲ್ಲೇ ಇಟ್ಕಂಡು ಪೂಜೆ ಮಾಡ್ತೀಯಪ್ಪ?”

“ಇದು ನಂದಾ?”

“ಮತ್ತೆ ನಂದಾ? ಹುಲ್ಲಿಗೆ ಒಳ್ಳೆ ಮಣ್ಣು ಬೇಕು ಅಂತ ಚೈತ್ರನ ಹತ್ರ ಅಂದಿದ್ಯಂತಲ್ಲ. ಹೊಳಲ್ಕೆರೆ ದಾಟಿದ ಮೇಲೆ ಬಸ್ ನಿಲ್ಸಿ, ಕೆರೆಗಿಳ್ದು ಗೋಡು ತುಂಬ್ಕಂಡು ಬಂದವ್ರೆ ನಿಮ್ಮ ಚಿಕ್ಕಪ್ಪ. ಪ್ಯಾಸೆಂಜರೆಲ್ಲ ಬೈದ್ರಂತೆ.”

ಕೆರೆಗೋಡು. ಕೆರೆ ತಳದ ಮಣ್ಣು, ರೈತರು ಹೊಲಕ್ಕೆ ಹೊಡೆಸುವುದು. ನನ್ನಿಂದಾಗಿ ಒಂದು ಬಸ್ ಜನ ಲೇಟಾದರು. ಯಾರಿಗಾದರೂ ಎಕ್ಸಾಮ್ ಇದ್ದಿದ್ದರೆ? ಬಸ್ಸಿನ ಓನರ್ ಚಿಕ್ಕಪ್ಪನನ್ನು ಕೇಳಿದರೆ? ಸಾರಿ ಹೇಳಬೇಕೆಂದು ಸಂಜೆ ಕಾದೆ. ಅವರು ಬಂದು ಚೀಲ ಜಗಲಿಯಿಂದ ಟ್ಯಾಂಕಿನ ಪಕ್ಕಕ್ಕೆ ಬಂದಿರುವುದನ್ನು ನೋಡಿ ಒಳಗೆ ಹೋದರು. ಸಾರಿ ನನ್ನಲ್ಲೇ ಉಳಿಯಿತು.

ಸೆಪ್ಟೆಂಬರ್ 28, ಭಾನುವಾರ

ನೆಟ್ಟೆ.

ಹುಲ್ಲು ಒಂದು ಪ್ಲಾಸ್ಟಿಕ್ ಕಪ್ಪಿನಲ್ಲಿ ಕೊರಿಯರ್ ಬಂತು. ಅಂಗೈ ತುಂಬುವಷ್ಟೂ ಇಲ್ಲ. ಟ್ಯಾಂಕಿನ ನೀರು ತೆಗೆದು, ಕೆರೆಗೋಡನ್ನು ಜರಡಿ ಹಿಡಿದು ಹಾಸಿ, ಮೇಲೆ ತೆಳ್ಳಗೆ ಮರಳು ಕೊಟ್ಟು, ಕೆಸರಾಗುವಷ್ಟು ನೀರು ಚಿಮುಕಿಸಿದೆ. ಹುಲ್ಲನ್ನು ನಾಲ್ಕೈದು ಎಳೆಯ ಸಣ್ಣ ಗುಚ್ಛಗಳಾಗಿ ಬಿಡಿಸಿ, ಚಿಮುಟದಲ್ಲಿ ಹಿಡಿದು, ಒಂದೊಂದಾಗಿ ಊರಬೇಕು. ಊರಿ ಚಿಮುಟ ಎತ್ತಿದರೆ ಹುಲ್ಲೂ ಎದ್ದು ಬರುತ್ತದೆ. ಮತ್ತೆ ಊರು. ಚಿಮುಟ ಸ್ವಲ್ಪ ತಗುಲಿದರೆ ಪಕ್ಕದ್ದೂ ಏಳುತ್ತದೆ.

ಅಜ್ಜಿ ಮಣೆ ಹಾಕಿಕೊಂಡು ಪಕ್ಕದಲ್ಲೇ ಕೂತಿದ್ದರು. “ಭತ್ತದ ನಾಟಿ ಮಾಡಿದಂಗೈತೆ ನೋಡು. ಒಂದ್ ಪದ ಹೇಳ್ಲೇನು?”

“ಬೇಡ ಅಜ್ಜಿ, ಕಾನ್ಸಂಟ್ರೇಷನ್ ಹೋಗುತ್ತೆ.”

ಅಜ್ಜಿ ಮಣೆ ಹಿಂದಕ್ಕೆ ಸರಿಸಿಕೊಂಡರು. ಬೇಜಾರಾಯಿತೇನೋ. ನೀವು ಹೇಳಿ ಎನ್ನಬೇಕೆಂದುಕೊಳ್ಳುವಷ್ಟರಲ್ಲಿ ಎದ್ದು ಹೋಗಿದ್ದರು.

ಮುಗಿಸಿ ನೋಡಿದರೆ ಬೋಳುತಲೆಗೆ ಅಲ್ಲಲ್ಲಿ ಕೂದಲು ಅಂಟಿಸಿದ ಹಾಗಿದೆ. ಪ್ಲಾಸ್ಟಿಕ್ ಹಾಳೆ ಬಿಗಿದು ಟೇಪ್ ಹಾಕಿದೆ. ಚಿಕ್ಕಪ್ಪ ಬಂದು ಅದರ ಮುಂದೆ ಕೂತರು. ಮೊದಲು ಖಾಲಿ ನೀರು ಕೊಟ್ಟೆ, ಈಗ ಖಾಲಿ ಮಣ್ಣು.

ಅಕ್ಟೋಬರ್ 1, ಬುಧವಾರ

ಆಯುಧಪೂಜೆ. ಚಿಕ್ಕಪ್ಪ ಬಸ್ಸಿನ ಸ್ಪ್ಯಾನರ್, ಜಾಕ್, ಹಾರನ್ ಎಲ್ಲ ತಂದು ಮಣೆಯ ಮೇಲೆ ಸಾಲಾಗಿಟ್ಟರು. ಚಿಕ್ಕಮ್ಮನ ಹೊಲಿಗೆ ಕತ್ತರಿ, ಅಜ್ಜಿಯ ಎಲೆಯಡಿಕೆ ಅಡಕತ್ತರಿ, ಚೈತ್ರಾಳ ಜಾಮೆಟ್ರಿ ಬಾಕ್ಸ್. ನಾನು ಬಾಗಿಲ ಹತ್ತಿರ ನಿಂತು ನೋಡುತ್ತಿದ್ದೆ.

“ಲೇ, ನಿಂದ್ಯಾವ್ದು?” ಎಂದರು ಚಿಕ್ಕಪ್ಪ.

ಅರ್ಥವಾಗಲಿಲ್ಲ. ಅವರೇ ಹೋಗಿ ಟ್ಯಾಂಕಿನ ಮೇಲಿದ್ದ ಚಿಮುಟ ತಂದು ಸ್ಪ್ಯಾನರ್‌ಗಳ ಪಕ್ಕ ಇಟ್ಟರು. ಅಜ್ಜಿ ಅದಕ್ಕೂ ವಿಭೂತಿ ಬಳಿದು ಕುಂಕುಮ ಇಟ್ಟರು. ಈಗ ಆ ಕುಂಕುಮ ಮಣ್ಣಿಗೆ ಬಿದ್ದರೆ ಏನು ಕೆಮಿಕಲ್ ರಿಯಾಕ್ಷನ್ ಆಗುತ್ತದೋ ಎಂದು ಚಿಂತೆ. ಒರೆಸಿದರೆ ತಪ್ಪು ತಿಳಿಯುತ್ತಾರೆ. ಹಾಗೇ ಬಿಟ್ಟಿದ್ದೇನೆ.

ಅಕ್ಟೋಬರ್ 8, ಬುಧವಾರ

ಹಳದಿ ತಿರುಗುತ್ತಿದೆ. ಎಲ್ಲ ಕಡೆ ಅಲ್ಲ, ಆದರೆ ಬಲಗಡೆಯ ಮೂಲೆ ಪೂರ್ತಿ. ಸತ್ತರೆ ಇದೂ ನಾನೇ ಸಾಯಿಸಿದ್ದು.

ಬೆಳಿಗ್ಗೆ ಹಾಳೆ ತೆಗೆದು ನೋಡಿದೆ. ಕಾಲೇಜಿನಿಂದ ಬಂದು ತೆಗೆದು ನೋಡಿದೆ. ಟೀ ಕುಡಿದು ಮತ್ತೆ. ತೆಗೆದಷ್ಟೂ ತೇವ ಹೋಗುತ್ತದೆ ಎಂದು ಗೊತ್ತು, ಆದರೂ ಕೈ ಕೇಳುವುದಿಲ್ಲ.

“ಕಾವಿಗೆ ಕುಂತ ಕೋಳಿನಾದ್ರೂ ಅತ್ಲಾಗಿ ಇತ್ಲಾಗಿ ಹೋಗಿ ಮೇದು ಬರ್ತೈತೆ. ನೀನು ಎದ್ದೇಳೋದೇ ಇಲ್ವಲ್ಲೋ!” ಎಂದರು ಅಜ್ಜಿ.

ಪಕ್ಕದ ಮನೆಯ ಕಾಟಲಿಂಗಪ್ಪನವರು ಪೇಪರ್ ಕೇಳಿಕೊಂಡು ಬಂದವರು ಟ್ಯಾಂಕಿನ ಮುಂದೆ ನಿಂತುಬಿಟ್ಟರು. “ಇದೇನ್ರಿ ತಿಮ್ಮರಾಯಪ್ನೋರೆ, ನೀರಿಲ್ಲ ಮೀನಿಲ್ಲ, ಬರೀ ಮಣ್ಣಿಗೆ ಲೈಟ್ ಹಾಕ್ಕಂಡು ಕುಂತೀರ? ಕರೆಂಟ್ ಪುಕ್ಸಟ್ಟೆ ಅಂತಾನಾ?”

ನನಗೆ ಭೂಮಿ ಬಾಯಿ ಬಿಡಬಾರದೇ ಎನಿಸಿತು. ಚಿಕ್ಕಪ್ಪ ಪೇಪರ್ ಮಡಿಸಿ ಅವರ ಕೈಗಿಟ್ಟು “ನಮ್ ಹುಡುಗ ಏನೋ ಮಾಡ್ತಾವ್ನೆ ಇರ್ರಿ, ನೋಡಾಣ” ಎಂದರು. ಏನೋ ಮಾಡ್ತಾವ್ನೆ. ಅಂದರೆ ಅವರಿಗೂ ನಂಬಿಕೆ ಇಲ್ಲ.

ಅಕ್ಟೋಬರ್ 17, ಶುಕ್ರವಾರ

ಎಡಗಡೆ ಒಂದು ಗುಚ್ಛದ ಪಕ್ಕ, ನಾನು ನೆಡದ ಜಾಗದಲ್ಲಿ, ಸೂಜಿಯಂಥ ಹಸಿರು ಮೊಳಕೆ! ಮಣ್ಣೊಳಗೇ ಬಳ್ಳಿ ಹರಿದು ಅಷ್ಟು ದೂರ ಬಂದು ಎದ್ದಿದೆ. ಟಾರ್ಚ್ ಹಿಡಿದು ನೋಡಿದರೆ ಇನ್ನೂ ಇವೆ. ಚೈತ್ರಾಳನ್ನು ಕರೆದು ತೋರಿಸಿದೆ. “ಅಣ್ಣ, ಇದಕ್ಕೆ ಇಷ್ಟು ಕುಣೀತೀಯ?” ಎಂದಳು. ಆಮೇಲೆ ಅವಳೇ ಟಾರ್ಚ್ ಇಸಿದುಕೊಂಡು ಹುಡುಕಿದಳು.

ಅಮ್ಮ ಫೋನ್ ಮಾಡಿದ್ದರು. ಅಪ್ಪ ಅಮ್ಮ ಕುರಿ ಹೊಡೆದುಕೊಂಡು ಈಗ ಭರಮಸಾಗರದ ಕಡೆ ಇದ್ದಾರೆ. ಮೆಕ್ಕೆಜೋಳ ಮುರಿದ ಹೊಲಗಳಲ್ಲಿ ರಾತ್ರಿ ಮಂದೆ ನಿಲ್ಲಿಸುತ್ತಾರೆ. ಕುರಿ ಒಂದೆರಡು ರಾತ್ರಿ ಮಲಗೆದ್ದರೆ ಹೊಲಕ್ಕೆ ಅದೇ ಗೊಬ್ಬರ. ಹೀಗೆ ಊರೂರು ತಿರುಗುವವರು, ಅದಕ್ಕೇ ನನ್ನನ್ನು ಹಾಸ್ಟೆಲ್‌ಗೆ ಹಾಕಿದ್ದು.

“ಚಿಕ್ಕಪ್ಪನ ಮನ್ಯಾಗೆ ಹೊಂದ್ಕಂಡು ಇರಪ್ಪ. ಯಾರಿಗೂ ತೊಂದ್ರೆ ಕೊಡಬ್ಯಾಡ.”

ಹೂಂ ಎಂದೆ. ಮೀನಿನ ವಿಷಯ ಹೇಳಲಿಲ್ಲ. ಆ ಕಡೆ ಕುರಿಗಳು ಕೂಗುತ್ತಿದ್ದವು. ಅಜ್ಜಿಗೆಂದು ಒಂದು ಚೀಲ ಕುರಿ ಹಿಕ್ಕೆ ಬಸ್ಸಿಗೆ ಹಾಕಿದ್ದಾರಂತೆ, ಕುಂಡಗಳಿಗೆ.

ಅಕ್ಟೋಬರ್ 26, ಭಾನುವಾರ

ಇವತ್ತು ಆಗಬಾರದ್ದು ಆಯಿತು. ಕ್ರಮವಾಗಿ ಬರೆಯುತ್ತೇನೆ.

ದೀಪಾವಳಿ ಗಲಾಟೆಯಲ್ಲಿ ಐದಾರು ದಿನ ಹಾಳೆ ತೆಗೆದಿರಲಿಲ್ಲ. ಇವತ್ತು ಸಂಜೆ ತೆಗೆದ ತಕ್ಷಣ ಗಬ್ಬು ನಾತ. ಬಲಗಡೆಯ ಮೂಲೆಯಲ್ಲಿ ಹತ್ತಿ ಉದುರಿಸಿದ ಹಾಗೆ ಬಿಳಿ ಬೂಷ್ಟು. ಚಿಮುಟದಲ್ಲಿ ಕೆದಕಿದೆ. ಊದಿಕೊಂಡ ಕುರಿ ಹಿಕ್ಕೆ. ಒಂದಲ್ಲ, ಒಂದು ಹಿಡಿ.

“ಯಾರು ಇದನ್ನ ಹಾಕಿದ್ದು!”

ಅಷ್ಟು ಜೋರಾಗಿ ಕೂಗಿದ್ದು ನಾನೇ ಎಂದು ತಿಳಿಯಲು ಒಂದು ಕ್ಷಣ ಬೇಕಾಯಿತು. ಅಡುಗೆಮನೆಯಲ್ಲಿ ಚಿಕ್ಕಮ್ಮ ಲಟ್ಟಣಿಗೆ ನಿಲ್ಲಿಸಿದರು. ಚಿಕ್ಕಪ್ಪ ಟೀ ಲೋಟ ಬಾಯಿಗಿಟ್ಟವರು ಹಾಗೇ ಕೂತರು.

ಜಗಲಿಯಿಂದ ಅಜ್ಜಿ ಬಂದಳು. “ನಾನೇ ಕಣೋ. ಆ ಮೂಲೆ ಸೊರಗಿತ್ತು, ನೀನೂ ಸೊರಗ್ತಿದ್ದೆ. ಒಂದ್ ಹಿಡಿ ಹಿಕ್ಕೆ ಊರಿದೆ. ಮಂದೆ ನಿಂತ ಹೊಲ ಎಂಗ್ ಚಿಗುರ್ತೈತೆ ಅಂತ ನೋಡಿಲ್ವೇನು? ಕುರುಬರ ಹುಡುಗ ನೀನು.”

“ಅಜ್ಜಿ! ಇದು ಹೊಲ ಅಲ್ಲ, ಗಾಜಿನ ಪೆಟ್ಟಿಗೆ! ನಾಳೆ ನೀರು ಬಿಟ್ರೆ ಇಡೀ ಟ್ಯಾಂಕ್ ಕೊಳೀತೈತೆ! ನನ್ನ ಒಂದು ಮಾತು ಕೇಳೋಕೆ ನಿಂಗೇನಾಗಿತ್ತು?”

“ಓಹೋ. ನೀನು ಮೀನಿಗೆ ಬ್ಲೀಚಿಂಗ್ ಹಾಕುವಾಗ ಯಾರ್‌ನ ಕೇಳಿದ್ದೆ?”

ಅವತ್ತಿನಿಂದ ಯಾರೂ ಎತ್ತದ ಮಾತು. ನನ್ನ ಕಿವಿ ಬಿಸಿಯಾಯಿತು.

ಆಗ ಚಿಕ್ಕಪ್ಪನಿಗೆ ಟೀ ನೆತ್ತಿಗೆ ಹತ್ತಿತು. ಕೆಮ್ಮುತ್ತಿದ್ದಾರೆ ಎಂದುಕೊಂಡೆ, ನಗುತ್ತಿದ್ದರು. “ಅಜ್ಜಿ ಮೊಮ್ಮಗ ಇಬ್ರೂ ಒಂದೇ ಕಂಪ್ನಿ ಗಾಡಿ. ಕೇಳಂಗಿಲ್ಲ, ತಂದು ಸುರಿಯೋದು. ಇವ್ನು ಬ್ಲೀಚಿಂಗು, ಅವ್ಳು ಹಿಕ್ಕೆ!” ಚೈತ್ರಾ ನೆಲದ ಮೇಲೆ ಕೂತು ನಕ್ಕಳು. ಚಿಕ್ಕಮ್ಮ ಸೆರಗು ಬಾಯಿಗಿಟ್ಟುಕೊಂಡರು.

ನನಗೆ ನಗು ಬರಲಿಲ್ಲ. “ಚಿಕ್ಕಪ್ಪ, ಅವತ್ತು ಯಾಕೆ ಬೈಲಿಲ್ಲ ನೀವು?” ಎಂದುಬಿಟ್ಟೆ.

“ಬೈಯಾಣ ಅಂತಾನೇ ಇದ್ದೆ ಕಣೋ. ಬಾಗ್ಲಾಗೆ ಕೈ ಕಟ್ಕಂಡು ನಿಂತು ಇಂಗ್ಲೀಷ್ನಾಗೆ ಸಾರಿ ಅಂದೆ. ಟಿಕೇಟ್ ಇಲ್ದೋನು ಚೆಕಿಂಗ್ನೋರ ಮುಂದೆ ನಿಂತಂಗೆ ನಿಂತಿದ್ದೆ. ಹಂಗೆ ನಿಂತೋನ್ನ ಎಂಗ್ ಬೈಯೋದು?” ಲೋಟ ಕೆಳಗಿಟ್ಟರು. “ಈಗ ಬೈತೀನಿ, ಕೇಳು. ಏನ್ಲೇ ಮಂಕೆ, ಬಿಎಸ್ಸಿ ಓದ್ತೀಯ, ಮೀನಿನ ನೀರಿಗೆ ಬ್ಲೀಚಿಂಗ್ ಹಾಕ್ತಾರೇನ್ಲೇ? ಓನರ್‌ನ ಇಷ್ಟಿದ್ದಾಗಿಂದ ಸಾಕಿದ್ದೆ! ನನ್ನ ಕೈಯಾಗೆ ತಿಂತಿತ್ತು ಅದು!”

ಬೈದರು. ಓನರ್‌ಗೆ ಒಂದು ರೌಂಡು, ಸ್ಟೆಪ್ನಿಗೆ ಒಂದು ರೌಂಡು. ಕ್ಲೀನರ್ ಹೊತ್ತಿಗೆ ಗಂಟಲು ಕಟ್ಟಿತು, ನೀರು ಕೇಳಿದರು. ನಾನೇ ತಂದುಕೊಟ್ಟೆ. ಕುಡಿದು ಮತ್ತೆ ಬೈದರು. ಕಾಟಲಿಂಗಪ್ಪನವರು ಕಾಂಪೌಂಡಿನಿಂದ ಇಣುಕಿ ನೋಡಿ ಹೋದರು.

ನಾಚಿಕೆಯಿಂದ ಊಟ ಸೇರಬಾರದಿತ್ತು. ಮೂರು ಚಪಾತಿ ತಿಂದೆ. ಬೇಗ ನಿದ್ದೆ ಬರುತ್ತಿದೆ, ಯಾಕೋ.

ಮರೆತಿದ್ದೆ: ಆ ಮೂಲೆಯ ಮಣ್ಣನ್ನು ಪೂರ್ತಿ ತೋಡಿ ತೆಗೆಯಬೇಕಾಯಿತು. ಅಲ್ಲಿ ಈಗ ಬೋಳು.

ನವೆಂಬರ್ 3, ಸೋಮವಾರ

ಸೆಕೆಂಡ್ ಲಿಸ್ಟ್ ಬಂತು. ನನ್ನ ಹೆಸರಿದೆ. ಹದಿನೈದನೇ ತಾರೀಖಿನೊಳಗೆ ರಿಪೋರ್ಟ್ ಮಾಡಬೇಕು, ಇಲ್ಲದಿದ್ದರೆ ಸೀಟು ಮುಂದಿನವರಿಗೆ. ದುರುಗೇಶ್ ಬೆನ್ನಿಗೆ ಗುದ್ದಿ “ನನ್ನ ರೂಮಲ್ಲೇ ಒಂದ್ ಕಾಟ್ ಖಾಲಿ ಐತೆ ಮಗಾ, ಹಿಡ್ಕಂಡಿರ್ತೀನಿ” ಎಂದ.

ಖುಷಿಯಾಗಬೇಕು. ಆಗಿರಬಹುದು.

ಊಟಕ್ಕೆ ಕೂತಾಗ ಹೇಳಿದೆ. ಚಿಕ್ಕಮ್ಮ ಸಾರಿನ ಸೌಟು ಹಿಡಿದು ನಿಂತರು, ಬಡಿಸಲಿಲ್ಲ. ಅಜ್ಜಿ ಮಾತ್ರ “ಅಲ್ಲಿ ಮುದ್ದೆ ಎಂಗಿರ್ತೈತೋ ಏನೋ” ಎಂದಳು.

“ನೀರು ಬಿಡೋದು ಯಾವತ್ತು?” ಎಂದರು ಚಿಕ್ಕಪ್ಪ.

“ಈ ಭಾನುವಾರ.”

“ಸರಿ.”

ಚೈತ್ರಾಳಿಗೆ ಲೈಟು ಎಷ್ಟು ಹೊತ್ತು, ಹುಲ್ಲು ಹೇಗೆ ಕತ್ತರಿಸುವುದು ಎಂದು ಹೇಳಿಕೊಡಲು ಹೋದೆ. ಕತ್ತರಿಸಿದರೆ ಅದು ಮೇಲೆ ಬೆಳೆಯುವುದು ಬಿಟ್ಟು ಅಗಲಕ್ಕೆ ಹರಡುತ್ತದೆ. “ನಂಗೆ ಎಸ್ಸೆಸ್ಸೆಲ್ಸಿ ಐತಪ್ಪ, ನಂಗಾಗಲ್ಲ” ಎಂದು ಪುಸ್ತಕ ಮುಖಕ್ಕೆ ಅಡ್ಡ ಹಿಡಿದಳು. ಪುಸ್ತಕ ತಲೆಕೆಳಗಾಗಿತ್ತು.

ನವೆಂಬರ್ 9, ಭಾನುವಾರ

ಇವತ್ತು ನೀರು ಬಿಡುವ ದಿನ. ಇಷ್ಟು ದಿನ ಹಿಡಿದಿದ್ದು ನೀರು ಬಿಟ್ಟ ಮೇಲೆ ಎದ್ದು ತೇಲಿದರೆ ಎಲ್ಲ ಮುಗಿಯಿತು. ಮತ್ತೆ ನೆಡಲು ನಾನಿರುವುದಿಲ್ಲ.

ಮಣ್ಣು ಕದಡದಿರಲೆಂದು ತಳದಲ್ಲಿ ಒಂದು ತಟ್ಟೆ ಇಟ್ಟೆ. ಡ್ರಮ್ಮಿನಲ್ಲಿ ಎರಡು ದಿನದಿಂದ ಹಿಡಿದಿಟ್ಟ ನೀರು. ಬಿಂದಿಗೆಯಲ್ಲಿ ಸುರಿಯಲು ಹೊರಟವನನ್ನು ಚಿಕ್ಕಪ್ಪ ತಡೆದರು. ಡ್ರಮ್ಮನ್ನು ಸ್ಟೂಲಿನ ಮೇಲಿಟ್ಟು, ಸಣ್ಣ ಪೈಪು ಇಳಿಬಿಟ್ಟು, ಡೀಸೆಲ್ ಎಳೆಯುವ ಹಾಗೆ ಬಾಯಲ್ಲಿ ಎಳೆದು, ತುದಿಯನ್ನು ತಟ್ಟೆಯ ಮೇಲೆ ಹಿಡಿದರು. ನೀರು ಸದ್ದಿಲ್ಲದೆ ಬಂತು.

“ಸಾಕಾ? ಇನ್ನೂ ಸಣ್ಣಕೆ ಬಿಡ್ಲಾ?”

“ಇನ್ನೂ ಸಣ್ಣಕೆ. ಹಾಂ, ಹಂಗೇ ಹಿಡ್ಕಳಿ. ಅಲುಗಾಡ್ಸಬೇಡಿ.”

ಹುಲ್ಲು ಮುಳುಗತೊಡಗಿತು. ಒಂದು ಗುಚ್ಛ ಎದ್ದು ತೇಲಿತು. ಇನ್ನೊಂದು ಎದ್ದಿತು. “ಹೋತಾ?” ಎಂದಳು ಅಜ್ಜಿ. ನೀರು ಏರುತ್ತಲೇ ಹೋಯಿತು. ಆ ಎರಡರ ನಂತರ ಮತ್ತೊಂದು ಏಳಲಿಲ್ಲ.

ಸಂಜೆಗೆ ಕದಡಿದ್ದು ಇಳಿಯಿತು. ಎಡಗಡೆಯಿಂದ ನಡುವಿನವರೆಗೆ ಹಸಿರು ಹಾಸು. ಫಿಲ್ಟರಿನ ನೀರು ತಗುಲಿದಾಗ ಎಲ್ಲ ಎಳೆಗಳೂ ಒಂದೇ ಕಡೆ ಬಾಗಿ ಏಳುತ್ತಿವೆ, ಹೊಸದುರ್ಗದ ರಸ್ತೆ ಪಕ್ಕ ಬಸ್ಸು ಹೋದಾಗ ಹುಲ್ಲು ಬಾಗುವ ಹಾಗೆ. ಹೀಗೆಂದಿದ್ದು ಚಿಕ್ಕಪ್ಪ. ಟೀ ಆರಿ ಹೋಗುವವರೆಗೆ ನೋಡಿದರು.

ಮೂಲೆ ಮಾತ್ರ ಬೋಳಾಗಿಯೇ ಇದೆ. ಕಣ್ಣು ಅಲ್ಲಿಗೇ ಹೋಗುತ್ತದೆ.

ನವೆಂಬರ್ 14, ಶುಕ್ರವಾರ

ಚಿಕ್ಕಪ್ಪ ಪಾಲಿಥಿನ್ ಕವರಿನಲ್ಲಿ ಮೂರು ಮೀನು ತಂದಿದ್ದರು. ಗೋಲ್ಡ್‌ಫಿಷ್. ಮುಖದಲ್ಲಿ ಏನು ಖುಷಿ!

“ಇವನ್ನ ಹಾಕಂಗಿಲ್ಲ” ಎಂದೆ.

“ಯಾಕ್ಲೇ?”

“ಇವು ಹುಲ್ಲು ಕಿತ್ತು ತಿಂತವೆ. ಸಣ್ಣ ಜಾತಿಯವು ಬೇಕು. ಅವನ್ನೂ ಈಗ್ಲೇ ಹಾಕಂಗಿಲ್ಲ, ನೀರು ಪಳಗಬೇಕು. ವಾಪಸ್ ಕೊಟ್ಟು ಬರ್ರಿ.”

“ಅಂಗಡಿಯೋನು ಬೈತಾನೆ ಕಣೋ.”

“ಬೈಸ್ಕಳ್ರಿ.”

ಚಿಕ್ಕಪ್ಪ ಕವರು ಎತ್ತಿಕೊಂಡು ಮೆಟ್ಟಿಲು ಇಳಿಯುತ್ತ “ಯಾವನ್ಲೇ ಈ ಮನೇಗೆ ಓನರ್ರು?” ಎಂದು ಗೊಣಗಿದರು. ಗೇಟಿನ ಹತ್ತಿರ ತಿರುಗಿ ನಿಂತರು. “ಮತ್ತೆ ಯಾವಾಗ ಹಾಕ್ಬೋದು?”

“ಮುಂದಿನ ತಿಂಗಳು. ನಾನು ಹೇಳ್ತೀನಿ.”

“ನೀನು ಹೇಳ್ತೀಯ?”

“ಮತ್ತಿನ್ಯಾರು ಹೇಳ್ತಾರೆ?”

ಅವರು ಸ್ವಲ್ಪ ಹೊತ್ತು ನನ್ನನ್ನೇ ನೋಡಿ ಹೋದರು. ಅಂಗಡಿಯವನಿಗೆ ಹೆದರಿದರೇನೋ.

ನವೆಂಬರ್ 16, ಭಾನುವಾರ

ತಡವಾಗಿ ಎದ್ದೆ. ಇವತ್ತು ಮೊದಲ ಕಟಿಂಗ್. ತಿಂಡಿ ತಿಂದವನೇ ತೋಳು ಮಡಚಿ ಟ್ಯಾಂಕಿಗೆ ಕೈ ಇಳಿಸಿದೆ. ಚಿಕ್ಕಮ್ಮನ ಹೊಲಿಗೆ ಕತ್ತರಿ ಎತ್ತಿಕೊಂಡಿದ್ದೆ, ಕೇಳಿದ್ದೆನೋ ಇಲ್ಲವೋ. ಕತ್ತರಿಸಿದ ತುದಿಗಳೆಲ್ಲ ಮೇಲೆ ಬಂದು ತೇಲುತ್ತವೆ. ಅಜ್ಜಿ ಚಹಾ ಸೋಸುವ ಜರಡಿ ಹಿಡಿದು ಅವನ್ನು ಎತ್ತುವ ಡ್ಯೂಟಿ. ಬಾಯಲ್ಲಿ ಏನೋ ನಾಟಿ ಪದ. ಸೋಸಿದ ಹುಲ್ಲನ್ನು ಗುಡ್ಡೆ ಹಾಕಿ “ಇದು ನಮ್ಮ ಮರಿಗೆ ಒಂದ್ ಬಾಯಿಗೂ ಸಾಲಲ್ಲ” ಎಂದಳು.

ನಡುವೆ ದುರುಗೇಶ್ ಫೋನ್. ಕೈ ಒದ್ದೆಯಾಗಿತ್ತು, ಚೈತ್ರಾ ಸ್ಪೀಕರ್ ಹಾಕಿ ಹಿಡಿದಳು.

“ಎಲ್ಲಿ ಸತ್ತಿದ್ಯೋ? ನಿನ್ನೆ ಲಾಸ್ಟ್ ಡೇಟು. ವಾರ್ಡನ್ ಎರಡ್ ಸಲ ನಿನ್ನ ಹೆಸರು ಕೂಗಿದ್ರು. ಕಾಟ್ ಬೇರೆಯೋನ್ಗೆ ಹೋತು.”

“ಹೌದಾ? ಮೂಲೆ ಇನ್ನೂ ಹಿಡಿದಿಲ್ಲ ಕಣೋ.”

“ಯಾವ ಮೂಲೆನೋ?”

ಹೇಳಲು ಹೊರಟೆ. ಅಷ್ಟರಲ್ಲಿ ಕಂಡಿತು. ಬೋಳು ಜಾಗದ ಅಂಚಿನಲ್ಲಿ, ಮರಳಿನೊಳಗಿಂದ, ಒಂದು ಸೂಜಿ. ಅದರ ಹಿಂದೆ ಇನ್ನೊಂದು. ಚೈತ್ರಾ ಫೋನ್ ಬಿಟ್ಟು ಗಾಜಿಗೆ ಮೂಗು ಒತ್ತಿದಳು. ಚಿಕ್ಕಪ್ಪ ಕುರ್ಚಿ ಎಳೆದುಕೊಂಡು ಹತ್ತಿರ ಬಂದರು.

ಅಡುಗೆಮನೆಯಿಂದ ಚಿಕ್ಕಮ್ಮನ ಕೂಗು. “ಬೀರೇಶಾ! ತಿಂದ ತಟ್ಟೆ ಅಲ್ಲೇ ಬಿಟ್ಟು ಎದ್ದೀಯಲ್ಲೋ, ಅದನ್ನ ಯಾರ್ ತೊಳೀತಾರೆ?”

“ಇರು ಚಿಕ್ಕಮ್ಮ, ಕೈ ನೀರಾಗೈತೆ” ಎಂದೆ.

ಮೂಲೆ ತುಂಬಲು ಇನ್ನೂ ತಿಂಗಳಾದರೂ ಬೇಕು. ಬೇಸಿಗೆಯಲ್ಲಿ ನೀರು ಬಿಸಿಯಾಗುತ್ತದೆ, ಆಗ ಏನು ಮಾಡುವುದೋ ನೋಡಬೇಕು. ತಟ್ಟೆ ಯಾರು ತೊಳೆದರೋ ಗೊತ್ತಿಲ್ಲ.